ಕೊಕ್ಕೊ ಕಾಡು ಕಾಯುವುದು ಯಾವಾಗ?

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಯ ತೆಂಗಿನ ತೋಟಗಳಲ್ಲಿ ನಡುಮಧ್ಯಾಹ್ನ ಓಡಾಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಮೇಲೆ ಗರಿಗಳ ಚಪ್ಪರ, ಕೆಳಗೆ ಟ್ರ್ಯಾಕ್ಟರ್ ಹೊಡೆದು ಹಸನು ಮಾಡಿದ ಕೆಂಪು ನೆಲ. ಮರದಿಂದ ಮರಕ್ಕೆ 25–30 ಅಡಿ ಅಂತರ, ನಡುವೆ ಬಹುತೇಕ ಖಾಲಿ. ಬಿದ್ದ ಗರಿಯನ್ನು ಬದುವಿಗೆ ಎಳೆದು ಸುಡುತ್ತೇವೆ, ಕಳೆ ಕಂಡರೆ ಮತ್ತೆ ಉಳುತ್ತೇವೆ. ತೋಟವೆಂದರೆ ಗುಡಿಸಿದ ಅಂಗಳದಂತಿರಬೇಕು ಎನ್ನುವುದು ನಮ್ಮ ಕಡೆಯ ನಂಬಿಕೆ.

ಈ ಖಾಲಿ ನೆಲದ ಬಗ್ಗೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅರ್ಧ ಶತಮಾನದ ಹಿಂದೆಯೇ ಲೆಕ್ಕ ಹಾಕಿತ್ತು. ತೆಂಗಿನ ಬೇರುಗಳಲ್ಲಿ ಹೆಚ್ಚಿನವು ಬುಡದಿಂದ ಸುಮಾರು 2 ಮೀಟರ್ ದೂರದೊಳಗೇ ಇರುತ್ತವೆ. 7.5 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ತೆಂಗು ನಿಜವಾಗಿ ಬಳಸಿಕೊಳ್ಳುವುದು ನಾಲ್ಕನೇ ಒಂದು ಭಾಗದಷ್ಟು ನೆಲವನ್ನು ಮಾತ್ರ. ಉಳಿದ ಮುಕ್ಕಾಲು ಭಾಗದ ಮೇಲೆ ಬೀಳುವ ಮಳೆ, ಬಿಸಿಲು, ಗೊಬ್ಬರ ಎಲ್ಲವೂ ಕಳೆಗೆ ಅಥವಾ ಗಾಳಿಗೆ. 1974ರಲ್ಲಿ ಅಲ್ಲಿನ ವಿಜ್ಞಾನಿಗಳಾದ ನೆಲ್ಲಿಯಾಟ್, ಬಾವಪ್ಪ ಮತ್ತು ಪಿ.ಕೆ.ಆರ್. ನಾಯರ್ ಇದಕ್ಕೊಂದು ದಾರಿ ಬರೆದರು. ಮೇಲಂತಸ್ತಿನಲ್ಲಿ ತೆಂಗು, ಅದಕ್ಕೆ ಹಬ್ಬಿದ ಕಾಳುಮೆಣಸು, ನಡುವಿನ ಅಂತಸ್ತಿನಲ್ಲಿ ಕೊಕ್ಕೊ, ನೆಲದಲ್ಲಿ ಅನಾನಸು. ಅವರು ಇದನ್ನು ಬಹುಮಹಡಿ ಬೆಳೆ ಪದ್ಧತಿ ಎಂದು ಕರೆದರು. ಆ ಮೂವರಲ್ಲಿ ನಾಯರ್ ಮುಂದೆ ನೈರೋಬಿಗೆ, ಅಲ್ಲಿಂದ ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಕೃಷಿ ಅರಣ್ಯ ವಿಜ್ಞಾನದಲ್ಲಿ ಜಗತ್ತಿನ ದೊಡ್ಡ ಹೆಸರಾದರು. ಇಂದು ಹೊರದೇಶಗಳಲ್ಲಿ ದೊಡ್ಡದಾಗಿ ಚರ್ಚೆಯಾಗುತ್ತಿರುವ ಈ ವಿದ್ಯೆಗೆ ಕನ್ನಡಿಗರು ನೆಲೆಸಿರುವ ಕಾಸರಗೋಡಿನ ತೆಂಗಿನ ತೋಟವೂ ಒಂದು ಪಾಠಶಾಲೆ.

2024ರಲ್ಲಿ ಕೊಕ್ಕೊ ಬೆಲೆ ಆಕಾಶಕ್ಕೇರಿದ ಮೇಲೆ ನಮ್ಮ ಬಯಲುಸೀಮೆಯ ತೆಂಗು ಬೆಳೆಗಾರರೂ ಈ ಗಿಡದ ಬಗ್ಗೆ ವಿಚಾರಿಸುತ್ತಿದ್ದಾರೆ. ಅದೇ ಹೊತ್ತಿಗೆ ಚಾಕೊಲೇಟ್ ಕಂಪನಿಗಳು ಕೊಕ್ಕೊ ಬೆಳೆದರೆ ಕಾಡು ಉಳಿಯುತ್ತದೆ, ಹೊಸ ಕಾಡು ಹುಟ್ಟುತ್ತದೆ ಎಂದು ಹೇಳುತ್ತಿವೆ. ಮಾತು ನಿಜವೇ? ಒಂದು ಕಡೆ ನಿಜ, ಇನ್ನೊಂದು ಕಡೆ ಶುದ್ಧ ಸುಳ್ಳು. ನೆರಳನ್ನು ಉಳಿಸಿಕೊಂಡು, ಈಗಾಗಲೇ ತೋಟವಾಗಿರುವ ನೆಲದಲ್ಲಿ, ಕೊಳ್ಳುವವರನ್ನು ಗಟ್ಟಿ ಮಾಡಿಕೊಂಡು ಬೆಳೆದರೆ ಕೊಕ್ಕೊ ಕಾಡಿನ ನೆಂಟ. ಕಾಡು ಕಡಿದು ಬೆಳೆದರೆ ಅದೇ ಮರ ಕಾಡಿನ ವೈರಿ. ಎರಡಕ್ಕೂ ಸಾಕ್ಷಿ ಇದೆ. ಗುಂಡಿ ತೋಡುವ ಮೊದಲು ಎರಡನ್ನೂ ತಿಳಿದಿರುವುದು ಒಳ್ಳೆಯದು.

ಕಾಂಡದ ಮೇಲೆ ಹೂ ಬಿಡುವ ಮರ

ಕೊಕ್ಕೊ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಹರಿವಿನ ಕಾಡುಗಳ ಮೂಲನಿವಾಸಿ. ಈಕ್ವೆಡಾರ್ ದೇಶದಲ್ಲಿ ಸುಮಾರು 5,300 ವರ್ಷಗಳ ಹಿಂದೆಯೇ ಜನ ಇದನ್ನು ಬಳಸುತ್ತಿದ್ದ ಕುರುಹುಗಳು ಸಿಕ್ಕಿವೆ. ಅಲ್ಲಿನ ಮುಗಿಲು ಮುಟ್ಟುವ ಮರಗಳ ಅಡಿಯಲ್ಲಿ, ಅರೆ ಬೆಳಕಿನಲ್ಲಿ ಬೆಳೆದ ಗಿಡವಿದು. ಬಿಸಿಲಿಗೆ ನಿಂತು ಬಾಳುವ ಜಾತಿಯಲ್ಲ. ಎಳೆಯ ಗಿಡವಂತೂ ಬಿರುಬಿಸಿಲಿಗೆ ಎಲೆ ಸುಟ್ಟುಕೊಂಡು ಸೊರಗುತ್ತದೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಪುತ್ತೂರು, ವಿಟ್ಲದ ಕಡೆಯ ಅಡಿಕೆ ತೋಟಕ್ಕೆ ಹೋಗಬೇಕು. ಅಡಿಕೆ ಸಾಲಿನ ನಡುವೆ ಆಳೆತ್ತರದಲ್ಲಿ ಕವಲೊಡೆದ ಮರ. ಹೂವು ರೆಂಬೆಯ ತುದಿಯಲ್ಲಿರುವುದಿಲ್ಲ, ಕಾಂಡದ ತೊಗಟೆಯಿಂದಲೇ ನೇರವಾಗಿ ಇಣುಕುತ್ತದೆ. ಉಗುರಿನಷ್ಟೂ ಅಗಲವಿಲ್ಲದ, ನಸುಗೆಂಪು ಛಾಯೆಯ ಬಿಳಿ ಹೂವು. ಅದರ ಪಕ್ಕದಲ್ಲೇ ಬೆರಳುದ್ದದ ಹೀಚು, ಇನ್ನೊಂದು ಬದಿಯಲ್ಲಿ ಗೇಣುದ್ದದ ಹಳದಿ ಕೋಡು. ಕೋಡನ್ನು ಕತ್ತಿಯಿಂದ ಸೀಳುವುದಿಲ್ಲ, ಒಳಗಿನ ಬೀಜಕ್ಕೆ ಏಟು ಬೀಳಬಾರದೆಂದು ಮರದ ತುಂಡಿನಿಂದ ಹೊಡೆದು ಒಡೆಯುತ್ತಾರೆ. ಒಳಗೆ ಬಿಳಿ ಲೋಳೆ ಮೆತ್ತಿಕೊಂಡ 30ರಿಂದ 45 ಬೀಜ, ಸಾಲಾಗಿ ಪೋಣಿಸಿದಂತೆ. ಆ ಲೋಳೆಯನ್ನು ಬಾಯಿಗೆ ಹಾಕಿಕೊಂಡರೆ ಹುಳಿಸಿಹಿ. ಬೀಜ ಕಚ್ಚಿದರೆ ಬರೀ ಕಹಿ ಮತ್ತು ಒಗರು, ಚಾಕೊಲೇಟಿನ ವಾಸನೆಯೂ ಸುಳಿಯದು. ಆ ರುಚಿ ಹುಟ್ಟುವುದು ಬೀಜವನ್ನು ರಾಶಿ ಹಾಕಿ ಐದಾರು ದಿನ ಹುಳಿಸಿದಾಗ. ರಾಶಿಯೊಳಗೆ ಕೈಯಿಟ್ಟರೆ ಚುರ್‌ ಎನ್ನುವಷ್ಟು, ಸುಮಾರು 45ರಿಂದ 50 ಡಿಗ್ರಿ ಶಾಖ ಏಳುತ್ತದೆ.

ಈ ಹೂವಿಗೆ ಪರಾಗಸ್ಪರ್ಶ ಮಾಡುವುದು ಜೇನ್ನೊಣವಲ್ಲ. ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕ ನೊಣ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಆ ನೊಣ ಮೊಟ್ಟೆಯಿಟ್ಟು ಮರಿ ಮಾಡುವುದು ತೇವವಿರುವ ಕೊಳೆತ ಎಲೆಯಲ್ಲಿ, ಕೊಳೆತ ಬಾಳೆದಿಂಡಿನಲ್ಲಿ, ಒಡೆದು ಬಿಸಾಕಿದ ಕೋಡಿನ ಸಿಪ್ಪೆಯಲ್ಲಿ. ಮರವೊಂದು ವರ್ಷಕ್ಕೆ ಸಾವಿರಾರು ಹೂ ಬಿಟ್ಟರೂ ಕಾಯಾಗುವುದು ನೂರಕ್ಕೆ ಬೆರಳೆಣಿಕೆಯಷ್ಟು. ಗುಡಿಸಿ ಸುಟ್ಟ ನೆಲದಲ್ಲಿ ನೊಣಕ್ಕೆ ನೆಲೆಯಿಲ್ಲ, ನೊಣವಿಲ್ಲದಿದ್ದರೆ ಕಾಯಿಲ್ಲ. ಅಂದರೆ ಕೊಕ್ಕೊ ನೆಟ್ಟವನು ಇಷ್ಟವಿದ್ದರೂ ಇಲ್ಲದಿದ್ದರೂ ತೋಟದ ನೆಲವನ್ನು ಕಾಡಿನ ನೆಲದಂತೆ ಇಡಲೇಬೇಕು. ಈ ಬೆಳೆಯ ಬಗ್ಗೆ ನನಗಿರುವ ಗೌರವದ ಮೊದಲ ಕಾರಣ ಇದು. ಎಲೆ ಸುಡಬೇಡ, ನೆಲ ಬೆತ್ತಲೆ ಮಾಡಬೇಡ ಎಂದು ಯಾವ ಭಾಷಣವೂ ಇಲ್ಲದೆ ಅದು ರೈತನಿಗೆ ಕಲಿಸುತ್ತದೆ.

ಪುತ್ತೂರು ಕಲಿಸಿದ ಪಾಠ

ನಮ್ಮ ದೇಶಕ್ಕೆ ಕೊಕ್ಕೊ ಮೊದಲು ಬಂದದ್ದು 1798ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ತಮಿಳುನಾಡಿನ ಕುಟ್ರಾಲಂಗೆ. ಆದರೆ ಅದು ಬೆಳೆಯೆನಿಸಿಕೊಳ್ಳಲು ಇನ್ನೂ ಒಂದೂಮುಕ್ಕಾಲು ಶತಮಾನ ಬೇಕಾಯಿತು. 1965ರಲ್ಲಿ ಕ್ಯಾಡ್‌ಬರಿ ಕಂಪನಿ ವಯನಾಡಿನ ಚುಂಡೇಲ್‌ನಲ್ಲಿ ಪ್ರಾತ್ಯಕ್ಷಿಕೆ ತೋಟ ಮಾಡಿತು. ವಿಟ್ಲದ ಸಂಶೋಧನಾ ಕೇಂದ್ರ, 1956ರಲ್ಲಿ ಅಡಿಕೆಗೆಂದೇ ಹುಟ್ಟಿದ್ದು, 1970ರ ದಶಕದಲ್ಲಿ ಕೊಕ್ಕೊವನ್ನೂ ಕೈಗೆತ್ತಿಕೊಂಡಿತು. ದಕ್ಷಿಣ ಕನ್ನಡ, ಕಾಸರಗೋಡಿನ ಅಡಿಕೆ ಬೆಳೆಗಾರರು ಉತ್ಸಾಹದಿಂದ ಗಿಡ ನೆಟ್ಟರು. 2.7 ಮೀಟರ್ ಅಂತರದ ಅಡಿಕೆ ಸಾಲುಗಳಲ್ಲಿ ಒಂದು ಬಿಟ್ಟು ಒಂದರ ನಡುವೆ ಕೊಕ್ಕೊ. ಅಡಿಕೆಯ ನೆರಳು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಅಡಿಕೆಗೆ ಹಾಕಿದ ನೀರಿನಲ್ಲೇ ಅದೂ ಬದುಕಿತು.

ಮರ ಫಸಲಿಗೆ ಬರುವ ಹೊತ್ತಿಗೆ ಬೆಲೆ ಕುಸಿಯಿತು. 1979–80ರ ಸುಮಾರಿಗೆ ಖರೀದಿದಾರರು ಹಿಂದೆ ಸರಿದರು. ಹಸಿ ಬೀಜ ಇಟ್ಟುಕೊಳ್ಳುವ ವಸ್ತುವಲ್ಲ, ಒಡೆದ ಮರುದಿನವೇ ಹುಳಿಯಲು ಶುರು. ಬೇಸತ್ತು ಗಿಡ ಕಡಿದು ಹಾಕಿದವರು ಬಹಳ ಮಂದಿ. ಆಗ ಕರ್ನಾಟಕ, ಕೇರಳ ಎರಡೂ ರಾಜ್ಯ ಸರ್ಕಾರಗಳ ಕೋರಿಕೆಯ ಮೇರೆಗೆ ಕೊಕ್ಕೊ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅದು 1973ರ ಜುಲೈ 11ರಂದು ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಅಂತರರಾಜ್ಯ ಸಹಕಾರಿ ಸಂಸ್ಥೆ. ಕೊಂಡ ಬೀಜವನ್ನು ಏನು ಮಾಡುವುದು? ಮೊದಲು ಪರದೇಶಕ್ಕೆ ಮಾರಲು ನೋಡಿದರು, ಕೊನೆಗೆ ತಾವೇ ಚಾಕೊಲೇಟ್ ಮಾಡಲು ನಿಶ್ಚಯಿಸಿದರು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಟ್ಟಿದ ಕಾರ್ಖಾನೆಯನ್ನು 1986ರ ಸೆಪ್ಟೆಂಬರ್ 1ರಂದು ಆಗಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಉದ್ಘಾಟಿಸಿದರು. ಅಡಿಕೆ ಸುಲಿಯುವ ಕೈಗಳು ಒಡೆಯರಾಗಿರುವ ಕಾರ್ಖಾನೆಯಿಂದ ಕ್ಯಾಂಪ್ಕೊ ಬಾರ್, ಮೆಲ್ಟೊ, ಟರ್ಬೊ ಎಂಬ ಚಾಕೊಲೇಟುಗಳು ಹೊರಬಂದವು.

ಆ ಕಾರ್ಖಾನೆ ಇಲ್ಲದೆ ಹೋಗಿದ್ದರೆ ಕರಾವಳಿಯ ಅಡಿಕೆ ತೋಟಗಳಲ್ಲಿ ಇಂದು ಕೊಕ್ಕೊ ಇರುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಕೊಕ್ಕೊವನ್ನು ಉಳಿಸಿದ್ದು ತಳಿಯಲ್ಲ, ಗೊಬ್ಬರವಲ್ಲ, ಕೊಳ್ಳುವವನ ಖಾತರಿ. ಪುತ್ತೂರಿನಿಂದಲೇ 1988ರಿಂದ ಹೊರಬರುತ್ತಿರುವ ‘ಅಡಿಕೆ ಪತ್ರಿಕೆ’ಯಲ್ಲಿ ರೈತರು ತಾವೇ ಪೆನ್ನು ಹಿಡಿದು ತಮ್ಮ ಅನುಭವ ಬರೆದರು. ಒಬ್ಬರ ತೋಟದ ಅರಿವು ಹತ್ತು ತೋಟಗಳಿಗೆ ಹರಿಯುವ ಹಾದಿ ಆ ಸೀಮೆಯಲ್ಲಿ ಹಾಗೆ ತೆರೆದುಕೊಂಡಿತು. ಬೆಳೆ, ಸಹಕಾರಿ ಸಂಘ, ಪತ್ರಿಕೆ, ಸಂಶೋಧನಾ ಕೇಂದ್ರ, ಇವೆಲ್ಲ ಒಂದೇ ಸೀಮೆಯಲ್ಲಿ ಕೈಗೂಡಿದ್ದು ಅಲ್ಲಿನ ಭಾಗ್ಯವಲ್ಲ, ಅಲ್ಲಿನವರ ದುಡಿಮೆ.

ಸೊಪ್ಪಿನ ಲೆಕ್ಕ

ಕೊಕ್ಕೊಗೂ ಕಾಡಿಗೂ ನಮ್ಮ ನಾಡಿನಲ್ಲಿರುವ ನಿಜವಾದ ನಂಟು ಸೊಪ್ಪಿನಲ್ಲಿದೆ.

ಅಡಿಕೆ ತೋಟ ಹಿಂದಿನಿಂದಲೂ ಕಾಡಿನ ಆಸರೆಯಲ್ಲಿ ಬದುಕಿದ ತೋಟ. ಉತ್ತರ ಕನ್ನಡದಲ್ಲಿ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದಲ್ಲಿ ಕುಮ್ಕಿ. ಹೆಸರು ಬೇರೆ, ಕೆಲಸ ಒಂದೇ. ಅಲ್ಲಿಂದ ಹಸಿರು ಸೊಪ್ಪು, ದರಗು ಹೊತ್ತು ತಂದು ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ಅಡಿಕೆ ಬುಡಕ್ಕೆ ಹಾಕುವುದು. ಈ ವ್ಯವಸ್ಥೆಗೆ ಎರಡು ಮುಖ. ಬೆಟ್ಟವಿಲ್ಲದೆ ತೋಟವಿಲ್ಲ ಎಂಬ ತಿಳಿವಳಿಕೆ ಬೆಟ್ಟವನ್ನು ಉಳಿಸಿತು. 2008ರಲ್ಲಿ ಜೈ ರಂಗನಾಥನ್, ರಂಜಿತ್ ಡೇನಿಯಲ್ಸ್, ಕುಮಟೆಯಲ್ಲಿ ನೆಲೆಸಿ ಪಶ್ಚಿಮಘಟ್ಟವನ್ನು ಅಭ್ಯಾಸ ಮಾಡಿದ ಸುಭಾಷ್ ಚಂದ್ರನ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಅಧ್ಯಯನ, ಉತ್ತರ ಕನ್ನಡದ ಅಡಿಕೆ ಸೀಮೆಯಲ್ಲಿ ಕಾಡಿನ ಹಕ್ಕಿಗಳ ಹೆಚ್ಚಿನ ಪಾಲು ಇನ್ನೂ ಬದುಕಿರುವುದನ್ನು ತೋರಿಸಿತು. ಎರಡು ಸಾವಿರ ವರ್ಷ ಕೃಷಿ ನಡೆದ ನೆಲದಲ್ಲಿ ಹೀಗಿರುವುದು ಜಗತ್ತಿಗೇ ಅಚ್ಚರಿ. ತೋಟದ ಪಕ್ಕದಲ್ಲೇ ಸೊಪ್ಪಿನ ಬೆಟ್ಟ, ಅದರಾಚೆ ಕಾಡು ಇದ್ದದ್ದೇ ಅದಕ್ಕೆ ಕಾರಣ.

ಇನ್ನೊಂದು ಮುಖ ಕಹಿಯಾದದ್ದು. ತೋಟ ಹಿಗ್ಗಿದಂತೆ ಬೆಟ್ಟ ಹಿಗ್ಗಲಿಲ್ಲ. ಅದೇ ಮರಗಳನ್ನು ವರ್ಷ ವರ್ಷ ಸವರಿ ಸವರಿ ಎಷ್ಟೋ ಬೆಟ್ಟಗಳು ಬೋಳಾದವು, ನೆಲದ ದರಗನ್ನೆಲ್ಲ ಗುಡಿಸಿ ತಂದ ಕಡೆ ಹೊಸ ಸಸಿ ಹುಟ್ಟದಾಯಿತು.

ಕೊಕ್ಕೊ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅದು ವರ್ಷವಿಡೀ ಎಲೆ ಉದುರಿಸುವ ಮರ. ಉದುರಿದ ಎಲೆ ಅಡಿಕೆ ಸಾಲಿನ ನಡುವೆ ಮುಚ್ಚಿಗೆಯಾಗಿ ಬೀಳುತ್ತದೆ. ಮಳೆಗಾಲಕ್ಕೆ ಮುಂಚೆ, ಆಮೇಲೆ ಎಂದು ವರ್ಷಕ್ಕೆರಡು ಸಲ ಸವರುವ ರೆಂಬೆ ಸೊಪ್ಪು ಅಲ್ಲೇ ಕೊಳೆಯುತ್ತದೆ. ಕೋಡಿನ ತೂಕದ ಬಹುಪಾಲು ಸಿಪ್ಪೆಯೇ, ಅದೂ ಅಲ್ಲೇ ಗೊಬ್ಬರ. ಕಾಡಿನಿಂದ ತಲೆಹೊರೆಯಲ್ಲಿ ಬರುತ್ತಿದ್ದ ಸೊಪ್ಪಿನ ಒಂದು ಪಾಲನ್ನು ಹೀಗೆ ತೋಟವೇ ಕೊಡತೊಡಗಿದರೆ ಬೆಟ್ಟಕ್ಕೆ ಅಷ್ಟು ಬಿಡುವು. ಸೊಪ್ಪು ಕಡಿಯುವ ಕೆಲಸಕ್ಕೆ ಆಳೇ ಸಿಗದ ಈ ಕಾಲದಲ್ಲಿ ರೈತನಿಗೂ ಅಷ್ಟು ಉಳಿತಾಯ. ಬಿಡುವು ಸಿಕ್ಕ ಬೆಟ್ಟ ತಾನಾಗಿಯೇ ಚಿಗುರುತ್ತದೆ, ಬೇರಿನಲ್ಲಿ ಜೀವವಿರುವ ಕಾಡಿಗೆ ನಾವು ಗಿಡ ನೆಡಬೇಕೆಂದಿಲ್ಲ, ಕತ್ತಿ ದೂರವಿಟ್ಟರೆ ಸಾಕು.

ಒಂದು ಎಚ್ಚರಿಕೆ ಮಾತ್ರ ಬೇಕು. ಸೊಪ್ಪು ಬೇಡವಾಯಿತೆಂದು ಬೆಟ್ಟವೇ ಬೇಡವೆನ್ನುವ, ಅದನ್ನೂ ತೋಟ ಮಾಡಿಬಿಡುವ ಆಸೆ ಹುಟ್ಟಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

ಅದೇ ಮರ ಕಾಡು ನುಂಗಿದ ಕಥೆ

ಈ ಆಸೆ ಎಷ್ಟು ದೂರ ಕೊಂಡೊಯ್ಯುತ್ತದೆ ಎನ್ನುವುದಕ್ಕೆ ಪಶ್ಚಿಮ ಆಫ್ರಿಕಾವನ್ನು ನೋಡಬೇಕು. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡೇ ದೇಶಗಳದ್ದು. ಐವರಿ ಕೋಸ್ಟ್ 1960ರಲ್ಲಿ ಸ್ವತಂತ್ರವಾದಾಗ ಇದ್ದ ಮಳೆಕಾಡಿನಲ್ಲಿ ಶೇ 80ಕ್ಕಿಂತ ಹೆಚ್ಚು ಈಗ ಇಲ್ಲ. ಕಾರಣಗಳು ಹಲವಿದ್ದರೂ ಮೊದಲನೆಯದು ಕೊಕ್ಕೊ. ಭೂಮಿ ಅದನ್ನು ಹಸನು ಮಾಡಿದವನದು ಎಂದು ಅಲ್ಲಿನ ಮೊದಲ ಅಧ್ಯಕ್ಷ ಹೂಫ್ವೆ ಬ್ವಾನಿ 1963ರಲ್ಲಿ ಸಾರಿದ್ದರು. ಹಸನು ಮಾಡುವುದೆಂದರೆ ಕಾಡು ಕಡಿಯುವುದೆಂದೇ ಅರ್ಥವಾಯಿತು. ರಾಷ್ಟ್ರೀಯ ಉದ್ಯಾನಗಳ ಒಳಗೂ ಕೊಕ್ಕೊ ನುಗ್ಗಿತು.

ರೈತ ಯಾಕೆ ಹೊಸ ಕಾಡಿಗೇ ಹೋಗುತ್ತಾನೆ? ಫ್ರೆಂಚ್ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ರ್ಯೂಫ್ ದಶಕಗಟ್ಟಲೆ ಅಲ್ಲಿದ್ದು ಉತ್ತರ ಹುಡುಕಿದರು. ಆಗ ತಾನೆ ಕಡಿದ ಕಾಡಿನ ಮಣ್ಣು ಗೊಬ್ಬರ ಕೇಳುವುದಿಲ್ಲ, ಕಳೆ ಕಡಿಮೆ, ರೋಗ ಕಡಿಮೆ, ತೇವ ಹೆಚ್ಚು. ಕಾಡು ಪುಕ್ಕಟೆಯಾಗಿ ಕೊಡುವ ಈ ಲಾಭ 25–30 ವರ್ಷದಲ್ಲಿ ಮುಗಿಯುತ್ತದೆ. ಮುದಿಯಾದ ತೋಟವನ್ನು ಮತ್ತೆ ಕಟ್ಟುವ ಖರ್ಚಿಗಿಂತ ಇನ್ನೊಂದು ಕಾಡು ಕಡಿಯುವುದು ಅಗ್ಗ. ಬಡತನದಲ್ಲಿರುವ ರೈತ ಅಗ್ಗದ್ದನ್ನೇ ಆರಿಸಿಕೊಳ್ಳುತ್ತಾನೆ. ಒಂದು ಡಾಲರ್ ಚಾಕೊಲೇಟಿನಲ್ಲಿ ಅವನ ಕೈಗೆ ಸೇರುವುದು ಕೆಲವೇ ಸೆಂಟ್. ಅವನನ್ನು ಬೈದು ಪ್ರಯೋಜನವಿಲ್ಲ.

ಕಡಿಯಲು ಕಾಡು ಮುಗಿದಾಗ ಏನಾಯಿತು ಎಂಬುದನ್ನು 2023–24ರಲ್ಲಿ ಜಗತ್ತು ಕಂಡಿತು. ಹಳೆಯ ಮರಗಳು, ಕಾಂಡ ಊದುವ ನಂಜುರೋಗ, ಕಪ್ಪು ಕೊಳೆ, ಹದ ತಪ್ಪಿದ ಮಳೆ, ಘಾನಾದಲ್ಲಿ ತೋಟಗಳನ್ನೇ ಅಗೆದ ಅಕ್ರಮ ಚಿನ್ನದ ಗಣಿಗಾರಿಕೆ ಎಲ್ಲ ಸೇರಿ ಇಳುವರಿ ಬಿತ್ತು. 2024ರ ಮಾರ್ಚ್‌ನಲ್ಲಿ ಬೆಲೆ ಟನ್ನಿಗೆ 10 ಸಾವಿರ ಡಾಲರ್ ದಾಟಿತು, ಡಿಸೆಂಬರ್‌ನಲ್ಲಿ 12 ಸಾವಿರವನ್ನೂ ದಾಟಿತು. ನಮ್ಮ ಕರಾವಳಿಯಲ್ಲಿ ಹಸಿ ಬೀಜ ಕಿಲೋಗೆ 300 ರೂಪಾಯಿ ಆಸುಪಾಸಿಗೆ ಬಂತು, ಅದುವರೆಗೆ ಅದರ ಕಾಲು ಭಾಗ ಸಿಕ್ಕರೂ ಸಮಾಧಾನಪಡುತ್ತಿದ್ದ ಬೆಳೆಗೆ. 2025ರಲ್ಲಿ ಬೆಲೆ ಮತ್ತೆ ಇಳಿಯಿತು. ಏರಿದ ವೇಗ ನೋಡಿ ಗಿಡ ನೆಟ್ಟವರು ಇಳಿದ ವೇಗವನ್ನೂ ನೆನಪಿಡಬೇಕು.

ಬ್ರೆಜಿಲ್ ದೇಶದ ಕಥೆ ಇದಕ್ಕಿಂತ ಬೇರೆ. ಅಲ್ಲಿನ ದಕ್ಷಿಣ ಬಾಯಿಯಾದಲ್ಲಿ ಕಾಡಿನ ಕೆಳಗಿಡಗಳನ್ನಷ್ಟೇ ಸವರಿ, ಹೆಮ್ಮರಗಳನ್ನು ನಿಲ್ಲಿಸಿಕೊಂಡು ಅವುಗಳಡಿ ಕೊಕ್ಕೊ ನೆಡುತ್ತಿದ್ದರು. ಕಬ್ರೂಕ ಎಂದು ಅದರ ಹೆಸರು. ಅಟ್ಲಾಂಟಿಕ್ ಮಳೆಕಾಡು ಸುತ್ತೆಲ್ಲ ಹಾಳಾದರೂ ಈ ತೋಟಗಳಲ್ಲಿ ಅದರ ತುಣುಕುಗಳು ಉಳಿದವು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಬಂಗಾರದ ಕೇಸರವಿರುವ ಪುಟ್ಟ ಟಮರಿನ್ ಕೋತಿ ಇಂದಿಗೂ ಈ ತೋಟಗಳಲ್ಲಿ ಓಡಾಡುತ್ತದೆ. 1989ರಲ್ಲಿ ಶಿಲೀಂಧ್ರ ರೋಗವೊಂದು ಬಂದು ಬೆಳೆ ಮಕಾಡೆ ಮಲಗಿದಾಗ ಎಷ್ಟೋ ಮಂದಿ ಮಾಲೀಕರು ಆ ಹೆಮ್ಮರಗಳನ್ನು ಮಾರಿ ಹುಲ್ಲುಗಾವಲು ಮಾಡಿಕೊಂಡರು. ಕೊಕ್ಕೊಗೆ ಬೆಲೆ ಇರುವವರೆಗೆ ಮರ ಉಳಿಯಿತು, ಬೆಲೆ ಹೋದ ದಿನ ಮರವೂ ಹೋಯಿತು.

ಅದೇ ದೇಶದ ಪಾರಾ ರಾಜ್ಯದ ತೊಮೆ ಅಸುವಿನಲ್ಲಿ 1929ರಿಂದ ನೆಲೆಸಿದ ಜಪಾನಿ ಕುಟುಂಬಗಳು ಕಾಳುಮೆಣಸೊಂದನ್ನೇ ನಂಬಿ ಶ್ರೀಮಂತರಾದವು. ಬಳ್ಳಿಗೆ ಸೊರಗು ರೋಗ ಬಂದು ಎಲ್ಲವೂ ಮಣ್ಣುಪಾಲಾದಾಗ ಅವರು ಕಾಡನ್ನು ನೋಡಿ ಕಲಿತರು. ಸತ್ತ ಮೆಣಸಿನ ತೋಟಗಳಲ್ಲಿ ಕೊಕ್ಕೊ, ಹಣ್ಣಿನ ಗಿಡ, ನಾಟಾ ಮರಗಳನ್ನು ಅಂತಸ್ತು ಅಂತಸ್ತಾಗಿ ನೆಟ್ಟರು. ಪಾಳು ನೆಲ ಮತ್ತೆ ಮರಗಳಿಂದ ತುಂಬಿತು. ಅವರ ಬೆನ್ನಿಗೂ ಒಂದು ಸಹಕಾರಿ ಸಂಘವಿತ್ತು. ಪುತ್ತೂರಿಗೂ ತೊಮೆ ಅಸುವಿಗೂ ಸಾಗರಗಳ ದೂರ, ಗೆದ್ದ ದಾರಿ ಮಾತ್ರ ಒಂದೇ.

ಯುರೋಪಿನ ಒಕ್ಕೂಟ 2023ರಲ್ಲಿ ಕಾಯ್ದೆಯೊಂದನ್ನು ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕೊಕ್ಕೊ, ಕಾಫಿ, ರಬ್ಬರ್ ಮುಂತಾದವು ಅಲ್ಲಿ ಮಾರಾಟವಾಗುವಂತಿಲ್ಲ. ಜಾರಿಯ ದಿನ ಮುಂದಕ್ಕೆ ಹೋಗುತ್ತಿದೆ, ಆದರೂ ಗಾಳಿ ಬೀಸುವ ದಿಕ್ಕು ಸ್ಪಷ್ಟ. ಅಡಿಕೆ, ತೆಂಗಿನ ನೆರಳಲ್ಲಿ ಬೆಳೆದ ನಮ್ಮ ಕೊಕ್ಕೊಗೆ ಈ ಪರೀಕ್ಷೆಯಲ್ಲಿ ತಲೆತಗ್ಗಿಸುವ ಕಾರಣವಿಲ್ಲ.

ವಿರೂಪಾಕ್ಷಿಪುರಕ್ಕೆ ಹೊಂದುತ್ತದೆಯೇ?

ಈಗ ನಮ್ಮ ಸೀಮೆಗೆ ಬರೋಣ. ಮೊದಲು ಒಪ್ಪಿಕೊಳ್ಳಬೇಕಾದ ಸತ್ಯ: ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ) ಜಿಲ್ಲೆಯ ಕಾಡು ಮಳೆಕಾಡಲ್ಲ. ತೆಂಗಿನಕಲ್ಲು, ಕಬ್ಬಾಳು, ಮುತ್ತತ್ತಿಯವರೆಗೆ ಹಬ್ಬಿರುವುದು ಎಲೆ ಉದುರುವ ಒಣ ಕಾಡು, ಕುರುಚಲು ಕಾಡು. ಅದನ್ನು ಮತ್ತೆ ಬೆಳೆಸಬೇಕಾದರೆ ಹೊನ್ನೆ, ದಿಂಡಿಗ, ಬೇಲ, ಹುಣಸೆ, ಚನ್ನಪಟ್ಟಣದ ಗೊಂಬೆಗೆ ಕಚ್ಚಾವಸ್ತುವಾದ ಹಾಲೆ ಮರ ಬೇಕು, ಕೊಕ್ಕೊ ಅಲ್ಲ. ಕಾಡಂಚಿನ ಗೋಮಾಳ ಅಥವಾ ಗುಡ್ಡದಲ್ಲಿ ಕೊಕ್ಕೊ ನೆಟ್ಟು ಕಾಡು ಬೆಳೆಸಿದೆವೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಎರಡನೆಯದು ನೀರು. ಕೊಕ್ಕೊ ಬಯಸುವುದು 1,500ರಿಂದ 2,000 ಮಿ.ಮೀ. ಮಳೆ. ನಮ್ಮಲ್ಲಿ ಬೀಳುವುದು ಅದರ ಅರ್ಧದಷ್ಟು. ಆಂಧ್ರದ ಗೋದಾವರಿ ಜಿಲ್ಲೆಗಳಲ್ಲಿ, ಪೊಳ್ಳಾಚಿಯಲ್ಲಿ ತೆಂಗಿನ ನಡುವೆ ಅದು ಚೆನ್ನಾಗಿ ಬಂದಿರುವುದು ನೀರಾವರಿಯ ಬಲದಿಂದ. ಇಂದು ಉತ್ಪಾದನೆಯಲ್ಲಿ ಆಂಧ್ರವೇ ದೇಶದಲ್ಲಿ ಮುಂದಿದೆ, ಆಮೇಲೆ ಕೇರಳ, ಕರ್ನಾಟಕ, ತಮಿಳುನಾಡು. ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರು ಕೆರೆಗಳಿಗೆ ಹರಿದ ಮೇಲೆ ಚನ್ನಪಟ್ಟಣದ ಹಲವು ಊರುಗಳ ಬಾವಿಗಳಲ್ಲಿ ನೀರು ಕಂಡಿದೆ. ಅಂಥ ಕಡೆ, ಈಗಾಗಲೇ ಹನಿ ನೀರಾವರಿ ಇರುವ, 25 ವರ್ಷ ದಾಟಿದ ಎತ್ತರದ ತೆಂಗಿನ ತೋಟದಲ್ಲಿ ಪ್ರಯತ್ನಿಸಬಹುದು. ಬೇಸಿಗೆಯಲ್ಲಿ ಕೊಳವೆಬಾವಿ ಕೈಕೊಡುವ ತೋಟದಲ್ಲಿ ಬೇಡವೇ ಬೇಡ. ಕೊಕ್ಕೊಗಾಗಿ ಹೊಸ ಬೋರ್ ಕೊರೆಸುವುದು ಮನೆ ಮಾರಿ ತೇರು ಎಳೆದಂತೆ.

ಮೂರನೆಯದು ಲೆಕ್ಕ. 7.5 ಮೀಟರ್ ಅಂತರದ ತೆಂಗಿನ ಎರಡು ಸಾಲುಗಳ ನಡುವೆ 3 ಮೀಟರಿಗೊಂದರಂತೆ ಒಂದು ಸಾಲು ಕೊಕ್ಕೊ ನೆಟ್ಟರೆ ಎಕರೆಗೆ ಹೆಚ್ಚೆಂದರೆ 180 ಗಿಡ. ನಾಲ್ಕೈದು ವರ್ಷಕ್ಕೆ ಮರ ಹದಕ್ಕೆ ಬಂದು ತಲಾ ಒಂದು ಕಿಲೋ ಒಣ ಬೀಜ ಕೊಟ್ಟಿತೆನ್ನಿ. ಕಿಲೋಗೆ 200 ರೂಪಾಯಿಯಾದರೆ 36 ಸಾವಿರ, 600 ಆದರೆ 1 ಲಕ್ಷ 8 ಸಾವಿರ. ಸಸಿ ನೆಡುವವನು ಮೊದಲನೇ ಲೆಕ್ಕಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ನೆಡಬೇಕು. ಆ ಲೆಕ್ಕದಲ್ಲೂ ತೋಟ ಗೆಲ್ಲುವುದಾದರೆ ಮಾತ್ರ ಇದು ಸರಿಯಾದ ಬೆಳೆ. ಹಳ್ಳಿಯ ಎಳನೀರು ಮದ್ದೂರು ಮಾರುಕಟ್ಟೆಗೆ ಹೋಗುತ್ತಲೇ ಇರಲಿ, ಕೊಕ್ಕೊ ಅದರ ಜೊತೆಗೆ ಬರುವ ಆದಾಯವಾಗಲಿ.

ನಾಲ್ಕನೆಯದು ಆರೈಕೆ. ಮರವನ್ನು ಹೇಗೆ ಬೇಕೋ ಹಾಗೆ ಬಿಟ್ಟರೆ ಅದು ಎತ್ತರಕ್ಕೆ ಏರಿ ಹೂ ಮರೆಯುತ್ತದೆ. ನೆಟ್ಟಗೆ ಏಳುವ ಕಾಂಡದ ಚಿಗುರನ್ನು ಕೀಳುತ್ತಾ, ಆಳೆತ್ತರದಲ್ಲಿ ಕೊಡೆಯಾಕಾರಕ್ಕೆ ನಿಲ್ಲಿಸಬೇಕು. ಮಳೆಗಾಲದಲ್ಲಿ ಕೋಡು ಕಪ್ಪಾಗಿ ಕೊಳೆಯುವ ರೋಗಕ್ಕೆ ಬೋರ್ಡೋ ದ್ರಾವಣ. ಅಳಿಲು, ಇಲಿ, ಕೋತಿ ಮೂರೂ ಕೊಕ್ಕೊದ ಪ್ರಿಯರು, ಹಣ್ಣಾದ ಕೋಡನ್ನು ಮರದಲ್ಲಿ ಬಿಡದೆ ವಾರ ಹದಿನೈದು ದಿನಕ್ಕೊಮ್ಮೆ ಕೊಯ್ಯುವುದೇ ಮುಖ್ಯ ಉಪಾಯ. ಕಾಡಂಚಿನಲ್ಲಿ ಕೋತಿಯ ಕಾಟ ಹೆಚ್ಚಿರುವ ಊರಿನವರು ಇದನ್ನು ಹತ್ತು ಸಲ ಯೋಚಿಸಬೇಕು. ನೆಡುವ ಮೊದಲು ವಿಟ್ಲಕ್ಕೆ ಹೋಗಿ ನೋಡಿ, ಅಲ್ಲಿನ ಸುಧಾರಿತ ತಳಿಯ ಕಸಿ ಗಿಡವನ್ನೇ ತನ್ನಿ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಮಾರಾಟ. ದಕ್ಷಿಣ ಕನ್ನಡದಲ್ಲಿ ಹಸಿ ಬೀಜ ಕೊಳ್ಳಲು ಕ್ಯಾಂಪ್ಕೊ ಇದೆ. ವಿರೂಪಾಕ್ಷಿಪುರದಲ್ಲಿ ಹಸಿ ಬೀಜ ಕೊಳ್ಳುವವರಿಲ್ಲ. ಅಂದ ಮೇಲೆ ಹುಳಿಸಿ ಒಣಗಿಸುವ ಕೆಲಸ ಊರಲ್ಲೇ ಆಗಬೇಕು. ಮೂರು ಕಿಲೋ ಹಸಿ ಬೀಜಕ್ಕೆ ಒಂದು ಕಿಲೋ ಒಣ ಬೀಜ. ರಾಶಿ ಹಾಕಿ ಬಾಳೆಲೆ ಮುಚ್ಚಿ, ಮೂರನೇ ದಿನ, ಐದನೇ ದಿನ ತಿರುವಿ, ಆಮೇಲೆ ಬಿಸಿಲಲ್ಲಿ ಒಣಗಿಸಿ ತೇವಾಂಶವನ್ನು ಶೇ 7ರ ಆಸುಪಾಸಿಗೆ ತರಬೇಕು. ಒಬ್ಬನ ತೋಟದ ನಾಲ್ಕು ಕೋಡಿಗೆ ಇದು ಆಗದು. ರಾಶಿ ಕಾವೇರಬೇಕಾದರೆ ಬೀಜ ಸಾಕಷ್ಟು ಬೇಕು, ಅದಕ್ಕೆ ಹತ್ತಾರು ತೋಟ ಸೇರಬೇಕು. ಹಳ್ಳಿ ಹಳ್ಳಿಯಲ್ಲೂ ಹಾಲಿನ ಡೇರಿ ನಡೆಸಿ ಗೊತ್ತಿರುವ, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಯ ಹರಾಜು ಕಂಡಿರುವ ನಮ್ಮ ಜನರಿಗೆ ಸಂಘ ಕಟ್ಟುವುದು ಹೊಸ ವಿದ್ಯೆಯಲ್ಲ. ಬೆಂಗಳೂರು, ಮೈಸೂರು ಎರಡೂ ನಗರಗಳಲ್ಲಿ ದೇಸಿ ಬೀಜದಿಂದಲೇ ಚಾಕೊಲೇಟ್ ಮಾಡುವ ಸಣ್ಣ ತಯಾರಕರಿದ್ದಾರೆ. ಚೆನ್ನಾಗಿ ಹುಳಿಸಿದ ಬೀಜಕ್ಕೆ ಅವರು ಹೆಚ್ಚು ಬೆಲೆ ಕೊಡುತ್ತಾರೆ. ಆ ಎರಡು ನಗರಗಳ ನಡುವಿನ ಹೆದ್ದಾರಿ ಹಾದುಹೋಗುವುದು ಚನ್ನಪಟ್ಟಣದಲ್ಲೇ.

ತೋಟ ತುಂಬಲಿ, ಕಾಡು ಬಿಡಲಿ

ಇಷ್ಟೆಲ್ಲ ಹೇಳಿದ ಮೇಲೂ ಕೊಕ್ಕೊ ನಮ್ಮ ಹೋಬಳಿಯ ಎಲ್ಲರಿಗೂ ಹೊಂದುವ ಬೆಳೆಯಲ್ಲ. ಆದರೆ ಅದು ಕಲಿಸುವ ಪಾಠ ಎಲ್ಲರಿಗೂ ಹೊಂದುತ್ತದೆ. ನೀರು ಕಡಿಮೆಯಿದ್ದವರು ಕೊಕ್ಕೊ ಬದಲು ನುಗ್ಗೆ, ನಿಂಬೆ, ಕರಿಬೇವು, ಗೊಬ್ಬರದ ಗಿಡ, ಬದುವಿನಲ್ಲಿ ಹಲಸು, ಹೊಂಗೆ, ಹಾಲೆ ನೆಡಲಿ. ಗರಿ ಸುಡುವುದು ನಿಲ್ಲಲಿ. ಒಂದೇ ಎಕರೆಯಲ್ಲಿ ಮೂರು ಅಂತಸ್ತು ಬೆಳೆ ಬಂದರೆ ಇನ್ನೊಂದು ಎಕರೆ ಗೋಮಾಳಕ್ಕೆ ಕೈ ಚಾಚಬೇಕಾದ ಅಗತ್ಯ ಕಡಿಮೆಯಾಗುತ್ತದೆ. ಬಯಲುಸೀಮೆಯಲ್ಲಿ ತೋಟಗಾರಿಕೆ ಕಾಡು ಕಾಯುವ ದಾರಿ ಇದೊಂದೇ.

ಆನೆಗಳು ತೆಂಗಿನಕಲ್ಲು ಕಾಡಿನಿಂದ ಇಳಿದು ನಮ್ಮ ಮಾವು, ಬಾಳೆ, ತೆಂಗಿನ ತೋಟಗಳಿಗೆ ಬರುವುದನ್ನು ನಾವು ವರ್ಷ ವರ್ಷ ಕಾಣುತ್ತಿದ್ದೇವೆ. ಕಾಡು ಕಿರಿದಾಗಿ, ತುಂಡಾಗಿ, ಅಲ್ಲಿ ಮೇವು ನೀರು ಬತ್ತಿದಷ್ಟೂ ಅವು ಊರಿಗೆ ಹತ್ತಿರವಾಗುತ್ತವೆ. ಹೀಗಾಗಿ ಕಾಡು ಉಳಿಸುವುದು ಪರಿಸರ ಪ್ರೇಮಿಗಳ ಹವ್ಯಾಸವಲ್ಲ, ರಾತ್ರಿ ತೋಟ ಕಾಯುವ ರೈತನ ಜೀವದ ಪ್ರಶ್ನೆ.

ತೋಟಗಾರಿಕೆ ಇಲಾಖೆ ಕೊಕ್ಕೊ ಸಸಿಗೆ ಸಹಾಯಧನ ಕೊಡುವಾಗ ಎರಡು ಷರತ್ತು ಹಾಕಬೇಕು. ಹಳೆಯ ತೋಟದ ನೆರಳಿನಲ್ಲಿ ನೆಟ್ಟರೆ ಮಾತ್ರ ಹಣ. ಹತ್ತಾರು ಬೆಳೆಗಾರರ ಸಂಘವಿದ್ದರೆ ಹುಳಿಸುವ ಪೆಟ್ಟಿಗೆಗೂ ಒಣಗಿಸುವ ಕಣಕ್ಕೂ ಹಣ. ಸಸಿ ಹಂಚಿ ಫೋಟೊ ತೆಗೆಸಿಕೊಂಡು ಮರೆತರೆ 1980ರ ಪುತ್ತೂರು ಇಲ್ಲಿ ಮರುಕಳಿಸುತ್ತದೆ, ಕ್ಯಾಂಪ್ಕೊ ಮಾತ್ರ ಇರುವುದಿಲ್ಲ.

ಬೆಳೆಗಾರರಲ್ಲಿ ನನ್ನ ವಿನಂತಿ ಇಷ್ಟೇ. ನೆಡುವುದಿದ್ದರೆ ಮೊದಲ ವರ್ಷ ಹತ್ತಿಪ್ಪತ್ತು ಗಿಡ ನೆಡಿ, ಇಡೀ ತೋಟಕ್ಕೆ ಬೇಡ. ನೆರಳಿಲ್ಲದ ಕಡೆ ನೆಡಬೇಡಿ. ಕೊಳ್ಳುವವರ ಹೆಸರು ಕೇಳದೆ ಗುಂಡಿ ತೋಡಬೇಡಿ. ಕೊಕ್ಕೊಗಾಗಿ ಇದ್ದ ಒಂದು ಮರವನ್ನೂ ಕಡಿಯಬೇಡಿ, ಕಾಡಿನ ಒಂದು ಗೇಣು ನೆಲವನ್ನೂ ಒತ್ತಬೇಡಿ. ಈ ನಾಲ್ಕು ಮಾತು ಪಾಲಿಸಿದ ತೋಟದಲ್ಲಿ ಕೊಕ್ಕೊ ಕಾಡನ್ನು ಕಾಯುತ್ತದೆ, ಪಾಲಿಸದ ಕಡೆ ಅದು ಬರೀ ಇನ್ನೊಂದು ವಾಣಿಜ್ಯ ಬೆಳೆ.